ನನ್ನದೇ ಅಕ್ಷರದ ಚೀಟಿ

ಕಾಪಿ ಹೊಡೆದಳೆಂದು ನನ್ನನ್ನು ಪರೀಕ್ಷೆಯ ಕೊಠಡಿಯಿಂದ ಎಬ್ಬಿಸಿ ಕಳಿಸಿದಾಗ ನನಗೆ ಅರವತ್ತು ದಾಟಿ ಕೆಲವು ವರ್ಷಗಳಾಗಿದ್ದವು. ಮಂಡಿನೋವಿನಿಂದಾಗಿ ಬೆಂಚಿನಿಂದ ಆಚೆ ಬರುವುದಕ್ಕೇ ಬಹಳ ಹೊತ್ತು ಹಿಡಿಯಿತು. ಹಾಗಾಗಿ ನನ್ನ ಅವಮಾನವನ್ನು ಎಲ್ಲರೂ ಸಾವಕಾಶವಾಗಿ ನೋಡುವಂತಾಯಿತು.

ನನ್ನ ಹೆಸರು ಕಮರುನ್ನೀಸಾ. ಹಲಸೂರಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಟಿ.ಸಿ.ಎಚ್. ಮುಗಿಸಿ ಕೆಲಸಕ್ಕೆ ಸೇರಿದವಳು, ಡಿಗ್ರಿ ಇರಲಿಲ್ಲ. ಇಲ್ಲ ಎಂಬ ಚಿಂತೆಯೂ ಇರಲಿಲ್ಲ. ನಮ್ಮ ಯಜಮಾನರು ಕರೀಂ ಸಾಹೇಬರಿಗೆ ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಓಣಿಯಲ್ಲಿ ಲೇಸು, ಗುಂಡಿ, ಸೀರೆ ಬಾರ್ಡರುಗಳ ಅಂಗಡಿ. ಅವರು ಹೋದ ವರ್ಷ ರಂಜಾನಿಗೆ ಮುಂಚೆ ತೀರಿಹೋದರು. ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿಯುವವರೆಗೆ ಪದ್ಧತಿಯಂತೆ ಮನೆಯೊಳಗೇ ಕುಳಿತಿದ್ದೆ. ಅದು ಮುಗಿದ ಮೇಲೆ ಎಲ್ಲಿ ಹೋಗಬೇಕೆಂದು ತಿಳಿಯದೆ ಇನ್ನಷ್ಟು ದಿನ ಕುಳಿತೆ.

ಕಾಕ್ಸ್ ಟೌನಿನ ನಮ್ಮ ಫ್ಲ್ಯಾಟಿನಲ್ಲಿ ನನ್ನ ಜೊತೆ, ಈಗ ಅಂಗಡಿ ನೋಡಿಕೊಳ್ಳುವ ಮಗ ಓವೈಸ್, ಸೊಸೆ ಖುರ್ಷೀದಾ ಇದ್ದಾರೆ. ಇಬ್ಬರೂ ಒಳ್ಳೆಯವರು. ತೊಂದರೆ ಅದೇ. ನನಗೆ ನೋವಾಗಬಾರದೆಂದು ಅವರು ಮನೆಯಲ್ಲಿ 'ಅಬ್ಬಾ' ಎಂಬ ಮಾತನ್ನೇ ಬಿಟ್ಟುಬಿಟ್ಟರು. ನಾನು ಎಲ್ಲಾದರೂ ಯಜಮಾನರ ಹೆಸರೆತ್ತಿದರೆ ಖುರ್ಷೀದಾ ಚಹಾ ಇಡಲು ಏಳುತ್ತಿದ್ದಳು, ಓವೈಸ್ ಫೋನು ನೋಡುತ್ತಿದ್ದ. ಯಜಮಾನರ ಕನ್ನಡಕದ ಡಬ್ಬಿ, ಚಪ್ಪಲಿ ಒಂದೊಂದಾಗಿ ಕಾಣೆಯಾದವು. ಇಷ್ಟು ಮೃದುವಾದ ಮನೆಯಲ್ಲಿ ಉಸಿರಾಡುವುದು ಕಷ್ಟ. ಸೊಸೆಗೆ ಅಕ್ಕಿ ತೊಳೆಯುವುದನ್ನು ಹೇಳಿಕೊಟ್ಟೆ. ಅವಳು ಎದುರಾಡದೆ ತಲೆಯಾಡಿಸಿದಳು. ಅವಳಿಗೆ ಅದು ಹತ್ತು ವರ್ಷದಿಂದ ಗೊತ್ತಿತ್ತು.

ಆಗಲೇ ಕೆ.ಆರ್. ಪುರಂ ಕಡೆಯ ಒಂದು ವಿಶ್ವವಿದ್ಯಾಲಯಕ್ಕೆ ಬಿ.ಎ. ಓದಲು ಹೋಗಿ ಸೇರಿಕೊಂಡೆ. ವಿಶ್ವವಿದ್ಯಾಲಯ ಎನ್ನುವ ಮಾತು ದೊಡ್ಡದು. ಕಟ್ಟಡ ಅದಕ್ಕಿಂತ ಬಹಳ ಚಿಕ್ಕದು. ಒಂದು ಕಡೆ ಟೈರ್ ಅಂಗಡಿ, ಇನ್ನೊಂದು ಕಡೆ ಕಲ್ಯಾಣ ಮಂಟಪ. ಮದುವೆಯ ದಿನಗಳಲ್ಲಿ ವಾಲಗದ ನಡುವೆ ಅರ್ಥಶಾಸ್ತ್ರ ಕೇಳಬೇಕು. ಮೊದಲ ದಿನ ಕುಲಪತಿಗಳಾದ ವೆಂಕಟಸ್ವಾಮಿಯವರು, "ದೊಡ್ಡ ಸಂಶೋಧನೆ ಅಂತೆಲ್ಲ ನಮ್ಮಲ್ಲಿಲ್ಲ. ಪಾಠ ಮಾಡ್ತೀವಿ, ಚೆನ್ನಾಗಿ ಮಾಡ್ತೀವಿ, ಅಷ್ಟೆ" ಎಂದರು. ಸ್ವತಃ ಅವರೂ ವಾರದಲ್ಲಿ ಮೂರು ದಿನ ಗಣಿತ ಪಾಠ ಮಾಡುತ್ತಾರೆ. ಒಬ್ಬ ಹುಡುಗ ಎರಡು ದಿನ ಬರದಿದ್ದರೆ ಮನೆಗೆ ಫೋನು ಹೋಗುತ್ತದೆ. ಊಟ ಮಾಡದೆ ಬಂದವರ ಮುಖ ನೋಡಿಯೇ ಮೇಷ್ಟ್ರುಗಳು ಗುರುತು ಹಿಡಿಯುತ್ತಾರೆ. ಇಂಥ ಕಡೆ ಬಚ್ಚಿಟ್ಟುಕೊಳ್ಳುವುದು ಸಾಧ್ಯವಿಲ್ಲ. ನನಗೆ ಬೇಕಾಗಿದ್ದೂ ಅದೇ.

ಮೊದಲ ದಿನ ನಾನು ತರಗತಿಗೆ ಕಾಲಿಟ್ಟ ಕೂಡಲೇ ಹುಡುಗರೆಲ್ಲ ಎದ್ದು ನಿಂತರು.

"ಗುಡ್ ಮಾರ್ನಿಂಗ್ ಮಿಸ್!"

"ಕೂತ್ಕೊಳ್ಳಿ ಮಕ್ಕಳೇ" ಎಂದೆ. ಅಷ್ಟಕ್ಕೆ ಬಿಡಬೇಕಿತ್ತು. ಬೋರ್ಡಿನ ಮೇಲೆ ಹಿಂದಿನ ಪಾಠ ಹಾಗೇ ಇದ್ದದ್ದನ್ನು ಕಂಡು ಡಸ್ಟರ್ ತೆಗೆದುಕೊಂಡು ಒರೆಸತೊಡಗಿದೆ. ಅರ್ಥಶಾಸ್ತ್ರದ ನಿಜವಾದ ಅಧ್ಯಾಪಕಿ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ತಿರುಗಿ ನೋಡಿದರೆ ಪ್ರಿಯದರ್ಶಿನಿ, ನಾಲ್ಕನೇ ಕ್ಲಾಸಿನಲ್ಲಿ ನನ್ನ ಕೈಕೆಳಗೆ ಓದಿದವಳು, ಕಾಗುಣಿತ ತಪ್ಪಿದರೆ ಗೊಳೋ ಎಂದು ಅಳುತ್ತಿದ್ದವಳು.

"ಮಿಸ್! ನೀವಾ?"

"ನಾನೇ ಕಣಮ್ಮ. ಅಲ್ಲ, ಮೇಡಂ" ಎಂದು ತಿದ್ದಿಕೊಂಡು ಹೋಗಿ ಬೆಂಚಿನಲ್ಲಿ ಕುಳಿತೆ. ಹುಡುಗರು ನಕ್ಕರು. ಅಂದಿನಿಂದ ಇಡೀ ತರಗತಿಗೆ ನಾನು ಮಿಸ್ಸೇ ಆದೆ. ನನ್ನ ಮೇಡಂ ಕೂಡ ನನ್ನನ್ನು ಮಿಸ್ ಎಂದೇ ಕರೆಯುತ್ತಾಳೆ.

ಅಲ್ಲಿ ಒಂದು ಪದ್ಧತಿಯಿದೆ. ಹಿಂದಿನ ದಿನದ ಪಾಠವನ್ನು ಸರದಿಯ ಪ್ರಕಾರ ಒಬ್ಬ ವಿದ್ಯಾರ್ಥಿ ಎದ್ದು ಹತ್ತು ನಿಮಿಷ ಮತ್ತೆ ಹೇಳಬೇಕು. ನನ್ನ ಸರದಿ ಬಂದ ದಿನ ಆ ಹತ್ತು ನಿಮಿಷ ಪೀರಿಯಡ್ಡಿನ ಕೊನೆಯವರೆಗೂ ನಡೆಯಿತು. ಹಿಂದಿನ ಬೆಂಚಿನ ಇಬ್ಬರಿಗೆ ಕೈಕಟ್ಟಿ ನಿಲ್ಲುವ ಶಿಕ್ಷೆಯನ್ನೂ ಕೊಟ್ಟೆ. ಅವರು ಪಾಪ ನಿಂತರು. ನಾನು ಹೇಳಿದ್ದು ನನಗೇ ಅರ್ಥವಾಗಿತ್ತೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ನನ್ನ ಹೆಮ್ಮೆಯೆಲ್ಲ ನನ್ನ ಅಕ್ಷರದ ಮೇಲೆ. ಒಂದಕ್ಷರಕ್ಕೊಂದು ತಾಗದ ಹಾಗೆ, ಕಾಪಿಪುಸ್ತಕದಲ್ಲಿ ಅಚ್ಚು ಹಾಕಿದ ಹಾಗೆ ಗುಂಡಗೆ ಬರೆಯುತ್ತೇನೆ. ಬೋರ್ಡಿನ ಮೇಲಿನ ಒಂದು ಚುಕ್ಕೆಯನ್ನೂ ಬಿಡದೆ ನೋಟ್ಸ್ ಮಾಡುತ್ತಿದ್ದೆ. ತಲೆಬರಹಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ. ಹುಡುಗರು ಅದರ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿಕೊಂಡರು. ಕೊನೆಗೆ ಗೇಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ "ಮಿಸ್ ನೋಟ್ಸ್ ಕೊಡಿ" ಎಂದರೆ ಸಾಕು, ಸಿಗುತ್ತಿತ್ತು. ನಾನು ಆ ಅಂಗಡಿಯ ಮುಂದೆ ಹಾದುಹೋಗುವಾಗ ಸ್ವಲ್ಪ ನಿಧಾನವಾಗಿಯೇ ಹೋಗುತ್ತಿದ್ದೆ.

ಅಂದವಾಗಿ ಬರೆದುಕೊಂಡರೆ ಕಲಿತ ಹಾಗೆ ಎಂದು ಎಷ್ಟೋ ತಲೆಮಾರಿನ ಮಕ್ಕಳನ್ನು ನಂಬಿಸಿದವಳು ನಾನು. ನಾನೂ ನಂಬಿದ್ದೆ.

ಅರ್ಥಶಾಸ್ತ್ರದ ಪರೀಕ್ಷೆಯ ದಿನ ನನ್ನ ಮುಂದಿನ ಬೆಂಚಿನಲ್ಲಿ ಈರೇಶ ಕುಳಿತಿದ್ದ. ರಾಯಚೂರು ಕಡೆಯ ಹುಡುಗ. ರಾಮಮೂರ್ತಿ ನಗರದ ಒಂದು ಬಾಡಿಗೆ ಕೋಣೆಯಲ್ಲಿ ತಾಯಿ ಯಂಕಮ್ಮನ ಜೊತೆ ಇರುತ್ತಾನೆ. ಆಕೆ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಾಳೆ, ಇವನು ಕಾಲೇಜು ಬಿಟ್ಟ ಮೇಲೆ ಮನೆಮನೆಗೆ ಊಟ ತಲುಪಿಸುತ್ತಾನೆ. ಯಂಕಮ್ಮ ನನಗೆಂದು ಆಗಾಗ ಸಜ್ಜೆ ರೊಟ್ಟಿ, ಪುಂಡಿ ಪಲ್ಯ ಕಳಿಸುತ್ತಿದ್ದಳು. ಹಿಂದಿನ ಸೆಮಿಸ್ಟರಿನಲ್ಲಿ ಇವನು ಒಮ್ಮೆ ಚೀಟಿ ಇಟ್ಟುಕೊಂಡು ಸಿಕ್ಕಿಬಿದ್ದಾಗ, ಇನ್ನೊಮ್ಮೆ ಸಿಕ್ಕರೆ ಟಿ.ಸಿ. ಕೊಟ್ಟು ಕಳಿಸುವುದಾಗಿ ಕಾಲೇಜಿನವರು ಬರೆಸಿಕೊಂಡಿದ್ದರು. ಇದು ತರಗತಿಗೆಲ್ಲ ಗೊತ್ತಿದ್ದ ಸಂಗತಿ.

'ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವದ ವಿಧಗಳನ್ನು ವಿವರಿಸಿ' ಎಂಬುದು ದೊಡ್ಡ ಪ್ರಶ್ನೆ. ನಾನು ಅದಕ್ಕೆ ಪುಟಗಟ್ಟಲೆ ಬರೆದು ಮುಗಿಸಿ, ಕೆಳಗೆ ಸ್ಕೇಲಿಟ್ಟು ಗೆರೆ ಎಳೆದು, ಮುಂದಿನ ಪ್ರಶ್ನೆಯ ಸಂಖ್ಯೆ ಹಾಕಿ, ಬೆರಳು ನೋಯುತ್ತಿದ್ದುದರಿಂದ ತಲೆ ಎತ್ತಿದೆ. ಈರೇಶನ ಎಡಗೈ ಬೆಂಚಿನ ಕೆಳಗಿತ್ತು. ಅಂಗೈಯಲ್ಲಿ ಬಿಳಿಯದೊಂದು ಕಂಡಿತು.

ಮುಂದೆ ನಡೆದದ್ದಕ್ಕೆ ನನ್ನ ಬುದ್ಧಿ ಕಾರಣವಲ್ಲ. ಬುದ್ಧಿ ಇನ್ನೂ ಬೆಂಚಿನಲ್ಲೇ ಕುಳಿತಿತ್ತು. ಜೀವಮಾನವೆಲ್ಲ ಪರೀಕ್ಷೆಯ ಕೊಠಡಿಗಳಲ್ಲಿ ಸಾಲುಗಳ ನಡುವೆ ಓಡಾಡಿದ ಕಾಲುಗಳು ತಾವಾಗಿಯೇ ಎದ್ದವು. ಮಂಡಿ ನೋಯುತ್ತದೆಂಬುದು ಆಗ ಅವಕ್ಕೆ ನೆನಪಿರಲಿಲ್ಲ. ನಾನು ಹೋಗಿ ಆ ಕೈಯಿಂದ ಚೀಟಿಯನ್ನು ಕಿತ್ತುಕೊಂಡು ಮುಷ್ಟಿಯೊಳಗೆ ಹಿಡಿದೆ. ತಲೆಗೆ ಒಂದು ಸಣ್ಣ ಮೊಟಕನ್ನೂ ಕೊಟ್ಟೆ.

"ಬರಿ, ಬರಿ. ತಲೆಯಲ್ಲಿರೋದನ್ನ ಬರಿ" ಎಂದೆ.

ಹಾಗೆಯೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎರಡು ಸಾಲು ಸುತ್ತಿದೆ. ಒಬ್ಬ ಹುಡುಗಿಗೆ ನೇರ ಕೂರುವಂತೆ ಹೇಳಿದೆ. ಹಿಂದುಗಡೆ ಯಾರಿಗೋ ಹೆಚ್ಚಿನ ಹಾಳೆ ಕೊಡುತ್ತಿದ್ದ ಪ್ರಿಯದರ್ಶಿನಿ ತಿರುಗಿ ನೋಡಿದಳು. ಕಿಟಕಿಯ ಹತ್ತಿರ ನಾವಿಬ್ಬರೂ ಎದುರಾದೆವು, ಇಬ್ಬರು ಮೇಲ್ವಿಚಾರಕರು ಎದುರಾದ ಹಾಗೆ.

"ಮಿಸ್, ಎಲ್ಲಿಗ್ ಹೋಗ್ತಾ ಇದೀರಾ?"

ಆಗ ನನಗೆ ಎಚ್ಚರವಾಯಿತು.

"ಕೈಯಲ್ಲೇನದು ಮಿಸ್?"

ಮುಷ್ಟಿ ಬಿಚ್ಚಿದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು ಮಾಡಿಸಿದ ಜೆರಾಕ್ಸ್. ಅದನ್ನು ಬಿಡಿಸಿ ಬೆಳಕಿಗೆ ಹಿಡಿದ ಪ್ರಿಯದರ್ಶಿನಿಯ ಮುಖ ಬಿಳಿಚಿತು. ನಾನೂ ಬಗ್ಗಿ ನೋಡಿದೆ. ಗುಂಡಗಿನ ಅಕ್ಷರ, ತಲೆಬರಹಗಳ ಕೆಳಗೆ ಅಂದವಾದ ಗೆರೆ, ಒಂದಕ್ಷರಕ್ಕೊಂದು ತಾಗಿರಲಿಲ್ಲ. ಎಷ್ಟು ಚಿಕ್ಕದು ಮಾಡಿದ್ದರೂ ಸ್ಪಷ್ಟವಾಗಿ ಓದಬಹುದಾಗಿತ್ತು. ಅಂಥ ಹೊತ್ತಿನಲ್ಲೂ ನನಗೆ ಒಂದು ಕ್ಷಣ ಸಂತೋಷವಾಯಿತು ಎಂದರೆ ನನ್ನ ಬುದ್ಧಿ ಎಂಥದೆಂದು ನೀವೇ ತಿಳಿಯಿರಿ.

"ಇದು ಯಾರ್ದು ಮಿಸ್?" ಎಂದು ಅವಳು ಮೆಲ್ಲಗೆ ಕೇಳಿದಳು.

ಕೊಠಡಿಯಲ್ಲಿ ಪೆನ್ನುಗಳೆಲ್ಲ ನಿಂತಿದ್ದವು. ಈರೇಶ ತಲೆ ತಗ್ಗಿಸಿದ್ದ. ಅವನ ಕುತ್ತಿಗೆಯ ಹಿಂಭಾಗ ಮಾತ್ರ ಕಾಣುತ್ತಿತ್ತು.

"ಹೇಳಿ ಮಿಸ್, ಪ್ಲೀಸ್. ಇಲ್ಲಾಂದ್ರೆ ನಿಮ್ಮ ಹೆಸ್ರೇ ಬರೀಬೇಕಾಗತ್ತೆ."

"ಬರ್ಕೋಮ್ಮ. ಯಾರೇ ಆದ್ರೂ ಬಿಡಬಾರ್ದು ಅಂತ ನಾನೇ ಅಲ್ವಾ ನಿಂಗೆ ಕಲಿಸಿದ್ದು."

ಅವಳು ಬರೆದುಕೊಂಡಳು. ಬರೆಯುತ್ತಾ ನಾಲ್ಕನೇ ಕ್ಲಾಸಿನಲ್ಲಿ ಅತ್ತ ಹಾಗೆಯೇ ಅತ್ತಳು. ಸುಮ್ಮನೆ ಬಿಡಬಹುದಿತ್ತಲ್ಲ ಎಂದು ನನ್ನ ಮನಸ್ಸು ಒಳಗೇ ಗೋಳಾಡುತ್ತಿತ್ತು. ಆದರೆ ನಾನು ಅಷ್ಟು ಚೆನ್ನಾಗಿ ಕಲಿಸಿಬಿಟ್ಟಿದ್ದೆ.

ಆ ಸಂಜೆ ಗೇಟಿನ ಬಳಿ ಈರೇಶ ಕಾಯುತ್ತಿದ್ದ.

"ಮಿಸ್, ತಪ್ಪಾತ್ರೀ. ನಾನೇ ಹೋಗಿ ಹೇಳ್ತೀನ್ರಿ, ಚೀಟಿ ನಂದು ಅಂತ."

"ಹೇಳಿದ್ರೆ ಟಿ.ಸಿ. ಕೊಡ್ತಾರೆ."

"ಕೊಡ್ಲಿ ಬಿಡ್ರಿ. ನೀವ್ಯಾಕ್ರೀ ನನ್ ಸಲುವಾಗಿ ಡಿಬಾರ್ ಆಗೋದು?"

ಆಗ ನನಗೆ ದೊಡ್ಡತನ ಬಂದುಬಿಟ್ಟಿತು. ಹೆಗಲ ಮೇಲೆ ಸೆರಗು ಸರಿಮಾಡಿಕೊಂಡು, "ಸುಮ್ನಿರು. ನಿನ್ ವಯಸ್ಸಿಗೆ ಇದು ಬಾಳು. ನನ್ ವಯಸ್ಸಿಗೆ ಇದು ಹೊತ್ತು ಕಳೆಯೋದು. ಒಂದಕ್ಷರ ಬಾಯಿ ಬಿಡಬೇಡ, ಇದು ನನ್ನ ಆಜ್ಞೆ" ಎಂದೆ. 'ಆಜ್ಞೆ' ಎಂಬ ಮಾತನ್ನೇ ಬಳಸಿದೆ.

ಮೆಟ್ರೋ ಹತ್ತಿ ಕುಳಿತ ಮೇಲೆ ಆ ದೊಡ್ಡತನ ಬೆನ್ನಿಗಾನಹಳ್ಳಿ ದಾಟುವಷ್ಟರಲ್ಲಿ ಇಳಿಯಿತು. ಒಂದು ವರ್ಷ ಡಿಬಾರ್ ಮಾಡಿದರೆ ನಾನು ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕು? ಆ ಫ್ಲ್ಯಾಟಿನ ಸೋಫಾ ಕಣ್ಣಿಗೆ ಬಂತು. ಖುರ್ಷೀದಾ ಚಹಾ ಇಡಲು ಏಳುವುದು ಕಂಡಿತು. ಹೊತ್ತು ಕಳೆಯುವುದು ಎಂದಿದ್ದೆನಲ್ಲ, ನನ್ನ ಹತ್ತಿರ ಇದ್ದದ್ದು ಅದೊಂದೇ ಬಾಳು. ಈರೇಶ ನನ್ನ ಮಾತು ಕೇಳದೆ ಹೋಗಿ ಒಪ್ಪಿಕೊಂಡುಬಿಡಲಿ ಎಂದು ಆ ರಾತ್ರಿ ಇಶಾ ನಮಾಜಿನಲ್ಲಿ ಕುಳಿತು ಆಸೆಪಟ್ಟೆ. ಹಾಗೆ ದುವಾ ಕೇಳಲು ಮಾತ್ರ ನಾಲಗೆ ಬರಲಿಲ್ಲ. ಅಲ್ಲಾಹನಿಗೆ ಎರಡೂ ಕೇಳಿಸಿರಬೇಕು.

ಈರೇಶನೋ ಹೇಳಿದ ಮಾತು ಕೇಳುವ ಹುಡುಗ. ಸುಮ್ಮನಿದ್ದುಬಿಟ್ಟ.

ಮನೆಯಲ್ಲಿ ಹೇಳದೆ ವಿಧಿಯಿರಲಿಲ್ಲ. ಕಾಲೇಜಿನವರು ಫೋನು ಮಾಡಿಬಿಡುತ್ತಾರೆ. ನಮ್ಮ ಮನೆಮಾತು ದಖನಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕಾಪಿನಾ? ಅಮ್ಮಿ, ನೀವಾ?" ಎಂದು ಓವೈಸ್ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. "ಸಣ್ಣವನಿದ್ದಾಗ ಪಕ್ಕದವನ ಪುಸ್ತಕ ನೋಡಿದೆ ಅಂತ ನನ್ನ ಊಟ ನಿಲ್ಲಿಸಿದ್ರಿ."

"ನಾನು ಹೊಡೀಲಿಲ್ಲ ಕಣೋ."

"ಮತ್ತೆ ಯಾರು?"

"ಹೇಳೋ ಹಾಗಿಲ್ಲ."

ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಖುರ್ಷೀದಾ ನನ್ನ ಪಕ್ಕ ಬಂದು ಕುಳಿತು, "ಪರವಾಗಿಲ್ಲ ಅಮ್ಮಿ. ಕಷ್ಟ ಅಂತ ಹೇಳಿದ್ರೆ ಟ್ಯೂಷನ್ ಹಾಕಿಸ್ತಿದ್ವಲ್ಲ" ಎಂದು ಬೆನ್ನು ಸವರಿದಳು. ಅವಳು ನಂಬಿಬಿಟ್ಟಿದ್ದಳು. ಅದಕ್ಕಿಂತ ಡಿಬಾರ್ ಎಷ್ಟೋ ವಾಸಿ.

ವಾರ ಕಳೆದು ಶಿಸ್ತು ಸಮಿತಿ ಕರೆಯಿತು. ಅಷ್ಟರಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನವೂ ಮುಗಿದಿತ್ತು. ಕುಲಪತಿಗಳ ಕೋಣೆಗೆ ಹೋಗುವ ಮೊದಲು ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಚಾಪೆ ಹಾಸಿ ಎರಡು ರಕಾತ್ ನಮಾಜು ಮಾಡಿದೆ. 'ಯಾ ಅಲ್ಲಾಹ್, ನನ್ನ ಬಾಯಿಂದ ಸುಳ್ಳು ಬರಿಸಬೇಡ, ಆ ಹುಡುಗನ ಹೆಸರನ್ನೂ ಬರಿಸಬೇಡ, ನನ್ನನ್ನು ಇಲ್ಲಿಂದ ಹೊರಗೂ ಹಾಕಿಸಬೇಡ' ಎಂದು ಕೇಳಿದೆ. ಮೂರೂ ಒಟ್ಟಿಗೆ ಹೇಗೆ ಸಾಧ್ಯ ಎಂದು ನನಗೇ ಅನ್ನಿಸಿ, 'ಹೇಗೆ ಎಂಬುದು ನಿನಗೆ ಬಿಟ್ಟದ್ದು' ಎಂದು ಸೇರಿಸಿದೆ.

ಕೋಣೆಯಲ್ಲಿ ವೆಂಕಟಸ್ವಾಮಿಯವರು, ಪ್ರಿಯದರ್ಶಿನಿ, ಪರೀಕ್ಷಾ ವಿಭಾಗದ ಮಂಜುಳಮ್ಮ ಮೂವರು ಕುಳಿತಿದ್ದರು. ಮಂಜುಳಮ್ಮ ನಿಯಮದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬೇರೆ ಕಡೆಯಾಗಿದ್ದರೆ ನಾನು ಅವರನ್ನು ಮೆಚ್ಚಿಕೊಳ್ಳುತ್ತಿದ್ದೆ.

"ಈ ಚೀಟಿ ಸಿಕ್ಕಿದ್ದು ನಿಮ್ಮ ಕೈಯಲ್ಲೇ ಅಲ್ವಾ?" ಎಂದು ಮಂಜುಳಮ್ಮ ಕೇಳಿದರು.

"ಹೌದು."

"ಇದ್ರಲ್ಲಿರೋ ಅಕ್ಷರ?"

"ನನ್ನದೇ."

"ಪರೀಕ್ಷೆ ಟೈಮಲ್ಲಿ ಸೀಟ್ ಬಿಟ್ಟು ಓಡಾಡಿದ್ರಾ?"

"ಓಡಾಡಿದೆ."

"ಮತ್ತಿನ್ನೇನ್ ಸರ್ ಉಳೀತು?" ಎಂದು ಮಂಜುಳಮ್ಮ ಫೈಲು ಮುಚ್ಚಿದರು.

"ಚೀಟೀನ ನಾನು ಒಳಗೆ ತರಲಿಲ್ಲ" ಎಂದೆ.

"ಯಾರು ತಂದ್ರು?"

"ಅದು ಹೇಳೋದಿಲ್ಲಮ್ಮ."

ಪ್ರಿಯದರ್ಶಿನಿ ತಡೆಯಲಾರದೆ, "ಸರ್, ಮಿಸ್‌ದು ಅಭ್ಯಾಸ ಸರ್ ಅದು. ಹಾಲ್‌ನಲ್ಲಿ ರೌಂಡ್ಸ್ ಹೊಡೀತಿದ್ರು. ನನಗೇ ಒಂದ್ ನಿಮಿಷ ಗಾಬರಿ ಆಯ್ತು, ನನ್ ಡ್ಯೂಟಿ ಮುಗೀತೇನೋ ಅಂತ" ಎಂದಳು.

ವೆಂಕಟಸ್ವಾಮಿಯವರು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ, "ಇವರ ಪೇಪರ್ ತನ್ನಿ" ಎಂದರು. ಮಂಜುಳಮ್ಮ ತೆಗೆದುಕೊಟ್ಟರು. "ಚೀಟಿಯಲ್ಲಿರೋದು ಸ್ಥಿತಿಸ್ಥಾಪಕತ್ವದ ಐದು ವಿಧ, ಐದು ನಕ್ಷೆ. ಇವರು ಕಾಪಿ ಹೊಡೆದಿದ್ರೆ ಅದೇ ಇಲ್ಲಿರಬೇಕು."

"ಹೊಡೆಯೋಕ್ ಮುಂಚೆ ಸಿಕ್ಕಿಬಿದ್ದಿರಬಹುದು ಸರ್" ಎಂದರು ಮಂಜುಳಮ್ಮ.

"ಉತ್ತರ ಮುಗಿಸಿ ಗೆರೆ ಎಳೆದಿದ್ದಾರಲ್ರೀ. ಮುಂದಿನ ಪ್ರಶ್ನೆ ನಂಬರೂ ಹಾಕಿದ್ದಾರೆ." ಅವರು ಪುಟ ತಿರುಗಿಸಿದರು, ಮತ್ತೆ ಹಿಂದಕ್ಕೆ ತಿರುಗಿಸಿದರು. "ಏನಮ್ಮ ಇದು, ಏನ್ ಬರೆದಿದ್ದೀರಾ?"

ಪರೀಕ್ಷೆಯ ದಿನ ಆ ಐದು ಹೆಸರುಗಳಲ್ಲಿ ಒಂದೂ ನೆನಪಿಗೆ ಬಂದಿರಲಿಲ್ಲ. ಕೆಂಪು ಗೆರೆಗಳು ಕಣ್ಣಿಗೆ ಕಟ್ಟಿದ್ದವು, ಅವುಗಳ ಮೇಲೆ ಏನಿತ್ತೆಂಬುದು ಮಾತ್ರ ಹೋಗಿತ್ತು. ಸುಮ್ಮನೆ ಕೂರಲಾರದೆ ಗೊತ್ತಿದ್ದದ್ದನ್ನು ಬರೆದಿದ್ದೆ. ಅದನ್ನು ಕುಲಪತಿಗಳು ಈಗ ಗಟ್ಟಿಯಾಗಿ ಓದತೊಡಗಿದರು.

"'ನನ್ನ ಯಜಮಾನರು ಲೇಸು, ಗುಂಡಿ ಮಾರುತ್ತಿದ್ದರು. ಗುಂಡಿ ಕೊಳ್ಳಲು ಬಂದವರು ಚೌಕಾಸಿ ಮಾಡುವುದಿಲ್ಲ. ಗುಂಡಿ ಹೋದರೆ ಅಂಗಿ ಮುಚ್ಚುವುದಿಲ್ಲ, ಹೇಳಿದ ಬೆಲೆ ಕೊಟ್ಟು ಹೋಗುತ್ತಾರೆ. ಲೇಸು ಹಾಗಲ್ಲ. ಲೇಸು ಇಲ್ಲದೆಯೂ ಲಂಗ ಲಂಗವೇ. ಆದುದರಿಂದ ಲೇಸಿನ ಗಿರಾಕಿ ಬೆಲೆ ಕೇಳಿ ಎದ್ದು ಹೋಗುತ್ತಾಳೆ. ನನ್ನ ಯಜಮಾನರು ಆಕೆಯನ್ನು ಕೂಡಲೇ ಕರೆಯುತ್ತಿರಲಿಲ್ಲ. ಲೇಸನ್ನು ನಿಧಾನವಾಗಿ ಸುತ್ತುತ್ತಿದ್ದರು. ಸುತ್ತುವಾಗ ಅದು ಆಕೆಗೆ ಕಾಣುವಂತೆ ಸುತ್ತುತ್ತಿದ್ದರು. ಆಕೆ ಹೊಸ್ತಿಲು ದಾಟಿ ಬೀದಿಗೆ ಇಳಿದ ಮೇಲೆ ಮೂರು ಸಲ ಅಕ್ಕಾ ಎಂದು ಕೂಗಿ, ಆಕೆ ಕೇಳಿದ ಬೆಲೆಗೇ ಕೊಡುತ್ತಿದ್ದರು. ಹೇಗೂ ಕೊಡುವುದಾದರೆ ಮೊದಲೇ ಏಕೆ ಕೊಡಬಾರದು ಎಂದು ನಾನು ಕೇಳಿದೆ. ಮೊದಲೇ ಕೊಟ್ಟರೆ ಆಕೆಗೆ ಗೆದ್ದ ಸಂತೋಷ ಇರುವುದಿಲ್ಲ ಎಂದರು. ಅವರು ಮನೆಯಲ್ಲಿಯೂ ಹಾಗೆಯೇ. ನನ್ನ ಪ್ರತಿಯೊಂದು ಮಾತಿಗೂ ಮೊದಲು ಇಲ್ಲ ಎನ್ನುತ್ತಿದ್ದರು. ಅವರಿಲ್ಲದ ಮೇಲೆ ನಾನು ಕೇಳಿದ್ದಕ್ಕೆಲ್ಲ ಎಲ್ಲರೂ ಹೂಂ ಎನ್ನುತ್ತಾರೆ. ಇದಕ್ಕೆ ಅರ್ಥಶಾಸ್ತ್ರದಲ್ಲಿ ಏನು ಹೆಸರಿದೆಯೋ ಮರೆತಿದ್ದೇನೆ.'"

ಓದುತ್ತಾ ಹೋದಂತೆ ಅವರ ದನಿ ಸಣ್ಣದಾಯಿತು. ಪಕ್ಕದ ಕಲ್ಯಾಣ ಮಂಟಪದಲ್ಲಿ ಅಂದು ಮದುವೆ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಪ್ರಿಯದರ್ಶಿನಿ ಎಂದಿನಂತೆ ಅಳುತ್ತಿದ್ದಳು. ನನಗೆ ಎಲ್ಲಿ ನೋಡಬೇಕೆಂದು ತಿಳಿಯದೆ ಮಂಜುಳಮ್ಮನವರ ಫೈಲನ್ನು ನೋಡುತ್ತಿದ್ದೆ.

"ಎಷ್ಟು ಮಾರ್ಕ್ಸ್ ಬಂದಿದೆ ಇದಕ್ಕೆ?" ಎಂದು ವೆಂಕಟಸ್ವಾಮಿಯವರು ಕೇಳಿದರು.

"ಸೊನ್ನೆ ಸರ್" ಎಂದು ಪ್ರಿಯದರ್ಶಿನಿ ಕಣ್ಣೊರೆಸಿಕೊಂಡಳು. "ಒಂದು ವಿಧದ ಹೆಸರೂ ಇಲ್ಲ, ನಕ್ಷೆ ಇಲ್ಲ. ಆದ್ರೆ ಬೆಲೆ ಏರಿದ್ರೂ ಗುಂಡಿ ಬಿಡಲ್ಲ, ಲೇಸು ಬಿಡ್ತಾರೆ ಅನ್ನೋ ಉದಾಹರಣೆ ಸರಿಯಾಗೇ ಇದೆ ಸರ್. ಈಗ ನೋಡಿದ್ರೆ ಒಂದೆರಡು ಮಾರ್ಕ್ಸ್ ಕೊಡಬಹುದು ಅನ್ಸತ್ತೆ."

"ಬೇಡ! ಒಂದೂ ಕೊಡಬೇಡಮ್ಮ!" ಎಂದು ನಾನು ಕುರ್ಚಿಯಿಂದ ಅರ್ಧ ಎದ್ದುಬಿಟ್ಟೆ. "ಸೊನ್ನೆನೇ ಇರಲಿ!"

ಮಾರ್ಕು ಬೇಡವೆಂದು ವಾದಿಸಿದ ವಿದ್ಯಾರ್ಥಿಯನ್ನು ಆ ಕೋಣೆ ಮೊದಲು ಕಂಡಿರಲಾರದು. ವೆಂಕಟಸ್ವಾಮಿಯವರು ನಕ್ಕುಬಿಟ್ಟರು. ಮಂಜುಳಮ್ಮ ಮಾತ್ರ ಬಿಡಲಿಲ್ಲ.

"ಚೀಟಿ ಇವರ್ದಲ್ಲ, ಸರಿ ಸರ್. ಆದ್ರೆ ಯಾರ್ದೋ ಒಬ್ಬರದು ತಾನೇ? ಇವರ ಮುಂದೆ ಯಾರ್ ಕೂತಿದ್ರು ಅಂತ ಸೀಟಿಂಗ್ ನೋಡಿದ್ರೆ..."

"ಸುತ್ತ ನಾಲ್ಕು ಜನ ಕೂತಿದ್ರು ಕಣ್ರೀ. ಊಹೆ ಮೇಲೆ ಯಾರಿಗೆ ಅಂತ ಟಿ.ಸಿ. ಕೊಡೋಣ? ಇವರ ನೋಟ್ಸ್ ಇಲ್ಲದ ಹುಡುಗ ಆ ಕ್ಲಾಸಲ್ಲಿ ಒಬ್ಬನೂ ಇಲ್ಲ. ಎಲ್ಲರ್ನೂ ಕಳಿಸಿದ್ರೆ ನಾನು ಗೋಡೆಗೆ ಪಾಠ ಮಾಡ್ಲಾ?" ಅವರು ನನ್ನ ಕಡೆ ತಿರುಗಿದರು. "ಅಮ್ಮ, ಕಾಪಿ ಹೊಡೆದಿಲ್ಲ ಅಂತ ಬರೀತೀವಿ. ಯಾಕಂದ್ರೆ ಇಷ್ಟು ತಪ್ಪನ್ನ ಯಾರೂ ಕಾಪಿ ಹೊಡೆದು ಬರೆಯೋಕಾಗಲ್ಲ. ಆದ್ರೆ ಪೇಪರ್ ಫೇಲು. ಮತ್ತೆ ಕೂತ್ಕೋಬೇಕು."

"ಕೂತ್ಕೋತೀನಿ ಸರ್. ಎದ್ದೇಳೋದಿಲ್ಲ" ಎಂದೆ.

ಕೇಳಿದ ಮೂರನ್ನೂ ಅಲ್ಲಾಹ್ ಕೊಟ್ಟಿದ್ದ. ಕೊಡುವಾಗ ಜೊತೆಗೆ ನನ್ನ ಅಹಂಕಾರಕ್ಕೆ ಒಂದು ಮೊಟಕನ್ನೂ ಕೊಟ್ಟ, ಅಷ್ಟೆ. ಹೊರಗೆ ಬಂದು ಮೆಟ್ಟಿಲ ಕೆಳಗೆ ಮತ್ತೆ ಚಾಪೆ ಹಾಸಿದೆ. ಸೊನ್ನೆ ಬಂದದ್ದಕ್ಕೆ ಕೃತಜ್ಞತೆಯ ಶುಕ್ರಾನಾ ನಮಾಜು ಮಾಡಿದವರು ಬೆಂಗಳೂರಿನಲ್ಲಿ ಇನ್ನೊಬ್ಬರಿದ್ದರೆ ನನಗೆ ತಿಳಿಯದು.

ನಮಾಜಿನ ಕೊನೆಯ ಸಲಾಂ ಹೇಳಿ ಮುಖ ತಿರುಗಿಸಿದರೆ ಈರೇಶ ಕಂಬದ ಪಕ್ಕದಲ್ಲಿ ನಿಂತಿದ್ದ.

"ಏನಾತ್ರೀ ಮಿಸ್?"

"ಉಳಿದುಕೊಂಡೆ. ಫೇಲಾಗಿದ್ದೀನಿ, ಅದಕ್ಕೇ ಉಳಿದುಕೊಂಡೆ."

ಅವನಿಗೆ ಅರ್ಥವಾಗಲಿಲ್ಲ. ವಿವರಿಸಿ ಹೇಳಿದೆ.

"ನಾನೂ ಫೇಲ್ರೀ" ಎಂದ. "ಆ ಪ್ರಶ್ನೆ ಬರೀಲಿಲ್ಲ. ನೀವು ಕಸ್ಕೊಂಡ್ಬಿಟ್ರಲ್ಲ."

"ಮತ್ತೆ ಇನ್ನೇನು, ಓದಕ್ಕೆ ಬಿಡಬೇಕಿತ್ತಾ?"

"ಹಂಗಲ್ರೀ. ಓದಿದ್ರೂ ತಿಳೀತಿರ್ಲಿಲ್ರೀ. ನಿಮ್ ನೋಟ್ಸು ಭಾಳ ಚಂದ ಅದಾವು, ಆದ್ರ ಏನೂ ತಿಳಿಯಂಗಿಲ್ರೀ. ಸಿಟ್ಟಾಗಬ್ಯಾಡ್ರೀ."

ಸಿಟ್ಟೇ ಬಂತು. ಒಂದು ಗಳಿಗೆ ಏನಾದರೂ ಹೇಳಿಬಿಡೋಣ ಎನ್ನಿಸಿತು. ಆದರೆ ಮೇಲೆ ಕುಲಪತಿಗಳ ಕೋಣೆಯಲ್ಲಿ ಅವನ ಮಾತಿಗೆ ಸಾಕ್ಷಿ ಇನ್ನೂ ಮೇಜಿನ ಮೇಲೇ ಇತ್ತು.

"ನನಗೂ ತಿಳಿದಿಲ್ಲ ಕಣೋ" ಎಂದೆ. "ನಾಳೆಯಿಂದ ಪ್ರಿಯದರ್ಶಿನಿ ಮೇಡಂ ಹತ್ರ ಇಬ್ರೂ ಹೋಗಿ ಕೂರೋಣ. ಅರ್ಥ ಆಗೋವರೆಗೂ ನಾನು ಪೆನ್ನು ಮುಟ್ಟೋದಿಲ್ಲ."

"ಖರೇನಾ ಮಿಸ್?"

"ಮುಟ್ಟಿದ್ರೆ ನೀನು ಕಿತ್ತುಕೊ."

ಆ ಸಂಜೆ ಬಾಗಿಲು ತೆರೆದ ಖುರ್ಷೀದಾ ನನ್ನ ಮುಖ ನೋಡಿಯೇ ಹೆದರಿ, "ಏನಾಯ್ತು ಅಮ್ಮಿ?" ಎಂದಳು.

"ಫೇಲು. ಅಲ್ಹಮ್ದುಲಿಲ್ಲಾಹ್" ಎಂದೆ.

ಅವಳು ಅಡುಗೆಮನೆಯ ಕಡೆ ತಿರುಗಿದಳು. "ಚಹಾ ಬೇಡ, ಕೂತ್ಕೋ" ಎಂದೆ. ಓವೈಸ್ ಅಂಗಡಿ ಮುಚ್ಚಿ ಆಗತಾನೆ ಬಂದಿದ್ದ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ನಡೆದದ್ದನ್ನು ಹೇಳಿದೆ. ಹುಡುಗನ ಹೆಸರೊಂದನ್ನು ಬಿಟ್ಟು, ನಾನು ಬರೆದ ಉತ್ತರವನ್ನೂ ಸೇರಿಸಿ ಎಲ್ಲ ಹೇಳಿದೆ. ಗುಂಡಿ, ಲೇಸು, ಹೊಸ್ತಿಲು, ಅಕ್ಕಾ ಎಂದು ಕೂಗುವುದು, ಎಲ್ಲ. ಓವೈಸ್ ಫೋನು ಕೈಗೆತ್ತಿಕೊಂಡ. ನೋಡಲಿಲ್ಲ. ಮತ್ತೆ ಕೆಳಗಿಟ್ಟ.

"ತಪ್ಪು ಅಮ್ಮಿ" ಎಂದ.

"ಏನು ತಪ್ಪು?"

"ಅಬ್ಬಾ ಯಾವತ್ತೂ ಮೂರು ಸಲ ಕೂಗಿದವರಲ್ಲ. ಒಂದೇ ಸಲ. ಅದೂ ನನ್ನ ಕೈಯಲ್ಲಿ ಕೂಗಿಸ್ತಿದ್ರು. ತಾವು ಕೂಗಿದ್ರೆ ಮರ್ಯಾದೆ ಹೋಗತ್ತೆ ಅಂತ."

"ನಾನು ಕಣ್ಣಾರೆ ನೋಡಿದ್ದೀನಿ. ಅವರೇ ಕೂಗ್ತಿದ್ರು."

"ನೀವು ಬರ್ತಿದ್ದದ್ದು ಭಾನುವಾರ. ಭಾನುವಾರ ನಾನು ಆಟಕ್ಕೆ ಓಡಿಹೋಗಿರ್ತಿದ್ದೆ. ಉಳಿದ ದಿನ ಅಲ್ಲಿ ಗಂಟಲು ಹರ್ಕೊಂಡವನು ನಾನು."

"ಮತ್ತೆ ಆಕೆ ಕೇಳಿದ ಬೆಲೆಗೇ ಕೊಡ್ತಿರಲಿಲ್ವಾ?"

"ಕೊಡ್ತಿದ್ರು. ಆದ್ರೆ ಅಳೆಯುವಾಗ ಅರ್ಧ ಗೇಣು ಕಮ್ಮಿ ಅಳೀತಿದ್ರು."

"ನನ್ನ ಯಜಮಾನರು ಹಾಗೆ ಮಾಡೋರಲ್ಲ!"

"ಮಾಡ್ತಿದ್ರು ಅಮ್ಮಿ. ಗಿರಾಕಿ ಅಳೆದು ಜಗಳಕ್ಕೆ ಬಂದಾಗ ಒಂದು ಗೇಣು ಜಾಸ್ತಿ ಕೊಟ್ಟು ಕಳಿಸೋರು. ಜಗಳಾಡೋಕೆ ಜನ ಬೇಕಾಗಿತ್ತು ಅವರಿಗೆ."

ಖುರ್ಷೀದಾ ಒಮ್ಮೆ ಅವನ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು. ಅವಳೂ ಬಾಯಿ ಹಾಕಿದಳು. ಮದುವೆಯಾದ ಹೊಸದರಲ್ಲಿ ಮಾವನವರು ತನಗೂ ಒಂದು ಲೇಸಿಗೆ ಬೆಲೆ ಹೇಳಿ, ಚೌಕಾಸಿ ಮಾಡದೆ ತಾನು ಒಪ್ಪಿಕೊಂಡದ್ದಕ್ಕೆ ಬೇಸರಪಟ್ಟಿದ್ದರಂತೆ. ಇದು ನನಗೆ ಗೊತ್ತೇ ಇರಲಿಲ್ಲ. ಅರ್ಧ ಗೇಣಿನ ವಿಷಯದಲ್ಲಿ ಮಾತ್ರ ನಾನು ಒಪ್ಪಲಿಲ್ಲ. ಅವನೂ ಬಿಡಲಿಲ್ಲ. ಊಟ ತಣ್ಣಗಾಯಿತು. ಕೆಳಗಿನ ಮನೆಯವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಕೂಗಾಡಿದೆವು.

ಕೊನೆಗೆ ಓವೈಸ್, "ಆಯ್ತು ಅಮ್ಮಿ, ನಿಮ್ಮ ಪ್ರೊಫೆಸರಿಗೆ ಹೇಳಿ, ಉತ್ತರದಲ್ಲಿ ಇನ್ನೂ ಎರಡು ತಪ್ಪಿವೆ ಅಂತ" ಎಂದ.

"ಸೊನ್ನೆಗಿಂತ ಕೆಳಗೆ ಇಳಿಸೋ ಹಾಗಿಲ್ಲ" ಎಂದೆ.